ನಿಜಶರಣ ಅಂಬಿಗರ ಚೌಡಯ್ಯನವರು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಲಕಡಿ ಪೂಲನ್ನು ದಾಟದವರು ವಿರಳ. ನಸುಕಿನಲ್ಲಿಯೇ ಹೋಟೆಲಿನ ಒಲೆ ಹೊತ್ತಿಸಲು ಹೊರಟವರೂ, ಕಚೇರಿಯ ವೇಳೆಗೆ ಧಾವಿಸುವ ಗುಮಾಸ್ತರೂ ಮುಠಾ ನದಿಯನ್ನು ದಿನಕ್ಕೆ ಎರಡು ಬಾರಿಯಾದರೂ ದಾಟುವರು. ಆದರೆ ತಾವು ನದಿಯೊಂದನ್ನು ದಾಟುತ್ತಿದ್ದೇವೆಂಬ ಅರಿವು ಅವರಲ್ಲಿ ಎಷ್ಟು ಮಂದಿಗುಂಟು? ಸೇತುವೆಯು ನಮಗೆ ದೊಡ್ಡ ಉಪಕಾರವನ್ನು ಮಾಡಿದೆ. ಜೊತೆಗೆ ಹೊಳೆಯನ್ನೇ ನಮ್ಮ ಲಕ್ಷ್ಯದಿಂದ ಮರೆಮಾಡಿದೆ. ಸೇತುವೆಯಿಲ್ಲದ ಕಾಲದಲ್ಲಿ ಈ ದಡದಿಂದ ಆ ದಡಕ್ಕೆ ಹೋಗುವುದೆಂದರೆ ತನ್ನ ಪ್ರಾಣವನ್ನು ಇನ್ನೊಬ್ಬನ ಕೈಯಲ್ಲಿಡುವುದೇ ಆಗಿದ್ದಿತು. ಆ ಇನ್ನೊಬ್ಬನೇ ಅಂಬಿಗ. ಅಂಬಿಯೆಂದರೆ ದೋಣಿ, ಅದನ್ನು ನಡೆಸುವವನು ಅಂಬಿಗ. ರಾಜನೇ ಬರಲಿ, ಜಂಗಮನೇ ಬರಲಿ, ಸಂತೆಗೆ ಹೊರಟ ಮುದುಕಿಯೇ ಬರಲಿ, ನಡುಹೊಳೆಯಲ್ಲಿ ಎಲ್ಲರೂ ಅವನ ಮಾತನ್ನು ಕೇಳಲೇಬೇಕು.

ಅಂಥ ಅಂಬಿಗನೊಬ್ಬನು ಎಂಟುನೂರು ವರ್ಷಗಳಿಗೂ ಹಿಂದೆ ತುಂಗಭದ್ರೆಯ ತೀರದಲ್ಲಿ ಬಾಳಿ, ಕನ್ನಡ ನುಡಿಗೆ ಅಳಿಯದ ಸಂಪತ್ತನ್ನು ಬಿಟ್ಟುಹೋದ ಕಥೆ ನಮ್ಮ ನಾಡಿನ ಭಾಗ್ಯಗಳಲ್ಲೊಂದು. ಪ್ರತಿ ವರ್ಷ ಜನವರಿ ೨೧ರಂದು ಕರ್ನಾಟಕದಲ್ಲಿ ನಿಜಶರಣ ಅಂಬಿಗರ ಚೌಡಯ್ಯನವರ ಜಯಂತಿಯು ಸರಕಾರದ ವತಿಯಿಂದ ಆಚರಿಸಲ್ಪಡುತ್ತದೆ. ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ, ಮೆರವಣಿಗೆ ಹೊರಡುತ್ತದೆ, ಭಾಷಣಗಳಾಗುತ್ತವೆ. ಚೌಡಯ್ಯನವರ ಮಾತುಗಳು ಉಳಿದಿವೆ, ಹೆಸರು ಉಳಿದಿದೆ. ಅವರ ಕೈಯಲ್ಲಿದ್ದ ಗಣೆ ಮತ್ತು ಹುಟ್ಟು, ಅವುಗಳನ್ನು ಹಿಡಿಯುವ ಜಾಣ್ಮೆ ಉಳಿದಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಅವರ ಜೀವನವನ್ನು ಸ್ಮರಿಸುತ್ತ ಆ ಪ್ರಶ್ನೆಯನ್ನೂ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಶಿವಪುರದ ತೀರದಲ್ಲಿ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಮೇಲೆ ಚೌಡದಾನಪುರವೆಂಬ ಗ್ರಾಮವಿದೆ. ಶಿವಪುರವೆಂಬುದು ಅದರ ಹಳೆಯ ಹೆಸರು. ಅಲ್ಲಿಯ ಮುಕ್ತೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಒಂದು ಚೊಕ್ಕ ಮಾದರಿ. ಕಲ್ಲಿನಲ್ಲಿ ಇಷ್ಟು ನಯವಾದ ಕೆಲಸವನ್ನು ಮಾಡಬಹುದೇ ಎಂದು ನೋಡಿದವರು ಬೆರಗಾಗುತ್ತಾರೆ. ಆ ದೇವಾಲಯದ ಶಾಸನಗಳು ಗುತ್ತಲದ ಅರಸರ ವಿಷಯವನ್ನು ಹೇಳುತ್ತವೆ. ಉಜ್ಜಯಿನಿಯ ವಿಕ್ರಮಾದಿತ್ಯ ಚಂದ್ರಗುಪ್ತನ ವಂಶದವರು ತಾವೆಂದು ಹೆಮ್ಮೆಯಿಂದ ಹೇಳಿಕೊಂಡ ಸಾಮಂತರು ಅವರು.

ಈ ತೀರವೇ ಚೌಡಯ್ಯನವರ ಕರ್ಮಭೂಮಿ. ಗುತ್ತಲದ ಅರಸನು ಅವರ ಮಹಿಮೆಗೆ ಮೆಚ್ಚಿ ಭೂಮಿಯನ್ನು ದಾನವಾಗಿ ಕೊಟ್ಟನೆಂದೂ, ಅವರು ಅದನ್ನು ತಮಗಾಗಿ ಇಟ್ಟುಕೊಳ್ಳದೆ ತಮ್ಮ ಗುರುವಿಗೆ ದಾನ ಮಾಡಿದರೆಂದೂ, ಅದರಿಂದಲೇ ಊರಿಗೆ ಚೌಡಯ್ಯದಾನಪುರವೆಂಬ ಹೆಸರು ಬಂದು ಕ್ರಮೇಣ ಚೌಡದಾನಪುರವಾಯಿತೆಂದೂ ಐತಿಹ್ಯವು ಹೇಳುತ್ತದೆ. ಐತಿಹ್ಯಕ್ಕೆ ಶಾಸನದ ಬಲವಿರಲಿ ಇಲ್ಲದಿರಲಿ, ಅದರೊಳಗೆ ಜನರ ತೀರ್ಪು ಇರುತ್ತದೆ. ಹೊಳೆ ದಾಟಿಸುವ ಬಡ ಅಂಬಿಗನೊಬ್ಬನು ಕೈಗೆ ಬಂದ ಊರನ್ನು ಬಿಟ್ಟುಕೊಟ್ಟು ಮತ್ತೆ ದೋಣಿಗೆ ಮರಳಿದನೆಂದು ಜನರು ನಂಬಿದರು. ಆ ನಂಬಿಕೆಯನ್ನು ಊರಿನ ಹೆಸರಿನಲ್ಲಿಯೇ ಇಟ್ಟುಕೊಂಡರು. ಅವರ ಐಕ್ಯಸ್ಥಳವೆಂದು ಭಕ್ತರು ಪೂಜಿಸುವ ಮಂಟಪವೂ ಅದೇ ಹೊಳೆಯ ದಂಡೆಯಲ್ಲಿದೆ. ನೀರಿನ ಬಳಿಯಲ್ಲಿ ಬಾಳಿದವರು ನೀರಿನ ಬಳಿಯಲ್ಲಿಯೇ ವಿಶ್ರಮಿಸಿದರು.

ಕಲ್ಯಾಣದ ಕರೆ

ಅದು ಹನ್ನೆರಡನೆಯ ಶತಮಾನದ ನಡುಗಾಲ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಆಗ ಕಲಚುರ್ಯ ಬಿಜ್ಜಳನ ರಾಜಧಾನಿಯಾಗಿದ್ದಿತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಶರಣರ ಒಂದು ಸಮುದಾಯವು ಬೆಳೆಯಿತು. ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಅನುಭವ ಮಂಟಪದ ಗೋಷ್ಠಿಗಳು ನಡೆದವೆಂದು ಪರಂಪರೆಯು ಹೇಳುತ್ತದೆ. ಆ ಸಮುದಾಯದ ವಿಶೇಷವೆಂದರೆ ಅಲ್ಲಿ ಸೇರಿದವರ ಕಾಯಕಗಳು. ಬಟ್ಟೆ ತೊಳೆಯುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ಕಟ್ಟಿಗೆಯ ಹೊರೆ ಹೊತ್ತ ಮೋಳಿಗೆ ಮಾರಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ಚರ್ಮದ ಕಾಯಕದ ಹರಳಯ್ಯ, ಅಕ್ಕಿಯನ್ನು ಆಯ್ದು ಬದುಕಿದ ಆಯ್ದಕ್ಕಿ ಮಾರಯ್ಯ ಮತ್ತು ಅವನಿಗೆ ದಾರಿ ತೋರಿದ ಲಕ್ಕಮ್ಮ: ಇವರೆಲ್ಲರೂ ಅಲ್ಲಿ ಸರಿಸಮಾನರಾಗಿ ಕುಳಿತರು.

ಚೌಡಯ್ಯನವರೂ ಈ ಶರಣರ ಸಂಗದಲ್ಲಿ ಸೇರಿದರು. ತುಂಗಭದ್ರೆಯ ತೀರದಿಂದ ಕಲ್ಯಾಣಕ್ಕೆ ಹೊರಟವರು ಕೃಷ್ಣೆಯನ್ನೂ ಭೀಮೆಯನ್ನೂ ದಾಟಲೇಬೇಕು. ಇಲ್ಲಿ ಪುಣೆಯ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಮುಳಾ ಮುಠೆಗಳು ಸಂಗಮದಲ್ಲಿ ಕೂಡಿ ಮುಂದೆ ಭೀಮೆಯನ್ನು ಸೇರುತ್ತವೆ. ಭೀಮೆಯು ಸೊಲ್ಲಾಪುರ, ವಿಜಯಪುರ, ಕಲಬುರಗಿಗಳ ನೆಲವನ್ನು ತೊಯಿಸಿ ರಾಯಚೂರಿನ ಮೇಲ್ಗಡೆ ಕೃಷ್ಣೆಯಲ್ಲಿ ಬೆರೆಯುತ್ತದೆ. ಅದೇ ಕೃಷ್ಣೆಗೆ ಕರ್ನೂಲಿನ ಆಚೆ ತುಂಗಭದ್ರೆಯೂ ಬಂದು ಕೂಡುತ್ತದೆ. ಕೂಡಿದ ನೀರು ಶ್ರೀಶೈಲದ ಬುಡದಲ್ಲಿ ಹರಿಯುತ್ತದೆ. ಲಕಡಿ ಪೂಲಿನ ಕೆಳಗಿನ ನೀರೂ ಚೌಡಯ್ಯನವರ ದೋಣಿಯನ್ನು ಹೊತ್ತ ನೀರೂ ಕೊನೆಗೆ ಒಂದೇ. ದೂರದ ಊರಿಗೆ ಬಂದು ದುಡಿಯುವವರಿಗೆ ಇಷ್ಟು ನೆಂಟಸ್ತಿಕೆ ಸಾಲದೇ?

ಹೆಸರೇ ಅಂಕಿತ

ವಚನಕಾರರು ತಮ್ಮ ವಚನದ ಕೊನೆಯಲ್ಲಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಡುವುದು ವಾಡಿಕೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಚೌಡಯ್ಯನವರು ಮಾತ್ರ ಈ ವಾಡಿಕೆಯನ್ನು ಬಿಟ್ಟರು. ಅವರ ವಚನಗಳ ಅಂಕಿತ ಅವರದೇ ಹೆಸರು. ಆ ಹೆಸರಿನ ಮೊದಲಲ್ಲಿ ಅವರ ಕಾಯಕ. ಇದನ್ನು ಅಹಂಕಾರವೆಂದು ಬಗೆಯುವವರು ಇದ್ದಾರು. ನಮಗಾದರೋ ಅದು ಹಾಗೆ ತೋರುವುದಿಲ್ಲ. ಆಡಿದ ಮಾತು ಕಟುವಾದುದು. ಅದಕ್ಕೆ ಹೊಣೆಗಾರ ನಾನೇ, ದೇವರ ಮರೆಯಲ್ಲಿ ನಿಂತು ಆಡುವವನಲ್ಲ ಎಂಬ ಧೈರ್ಯವೇ ಅಲ್ಲಿ ಕಾಣುತ್ತದೆ. ಸಮಾಜವು ಕೀಳೆಂದು ಎಣಿಸಿದ ಕೆಲಸವನ್ನು ಅವರು ಮುಚ್ಚಿಡಲಿಲ್ಲ. ತಮ್ಮ ನುಡಿಯ ಮುದ್ರೆಯಾಗಿ ಅದನ್ನೇ ಒತ್ತಿದರು.

ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಮಂದಿ, ಪುಣೆಯಲ್ಲಿ ಏನು ಕೆಲಸವೆಂದು ಊರಿನವರು ಕೇಳಿದಾಗ ತಡವರಿಸುವುದುಂಟು. ಲೋಟ ತೊಳೆಯುವೆನೆಂದು ಹೇಳಲು ನಾಚಿ ಬೇರೆ ಏನನ್ನೋ ಹೇಳುವರು. ಅಂಥವರು ಚೌಡಯ್ಯನವರ ಅಂಕಿತವನ್ನು ಒಮ್ಮೆ ನೆನೆಯಬೇಕು.

ಹರಿತವಾದ ನಾಲಗೆ

ಅವರ ವಚನಗಳು ಇನ್ನೂರೈವತ್ತಕ್ಕೂ ಮಿಕ್ಕು ದೊರೆತಿವೆ. ಶರಣರೆಲ್ಲರಲ್ಲಿ ಅವರಷ್ಟು ನಿಷ್ಠುರವಾಗಿ ಮಾತನಾಡಿದವರು ಕಡಿಮೆ. ವೇಷವನ್ನು ತೊಟ್ಟು ಆಚಾರವನ್ನು ಬಿಟ್ಟವರು, ಭಕ್ತಿಯ ಹೆಸರಿನಲ್ಲಿ ಹೊಟ್ಟೆ ಹೊರೆಯುವವರು, ಬಾಯಲ್ಲಿ ವೇದಾಂತ ಮನೆಯಲ್ಲಿ ದುರಾಸೆ ಇಟ್ಟುಕೊಂಡವರು, ಹುಟ್ಟಿನ ಹಿರಿಮೆಯನ್ನು ಸಾರುವವರು ಇವರೆಲ್ಲರೂ ಅವರ ನಾಲಗೆಯ ಏಟಿಗೆ ಸಿಕ್ಕಿದ್ದಾರೆ. ಇಂಥವರಿಗೆ ಪಾದರಕ್ಷೆಯ ಪೂಜೆಯೇ ಸರಿಯೆಂದು ಹೇಳಲೂ ಅವರು ಹಿಂಜರಿದವರಲ್ಲ. ನಡುಹೊಳೆಯಲ್ಲಿ ನಯವಾದ ಮಾತಿಗೆ ಎಡೆಯಿಲ್ಲ. ಕುಳಿತುಕೋ ಎಂದರೆ ಆ ಕ್ಷಣದಲ್ಲಿ ಕುಳಿತುಕೊಳ್ಳಬೇಕು, ಇಲ್ಲವಾದರೆ ದೋಣಿ ಮಗುಚುವುದು. ಆ ಕಾಯಕದ ಗಡಸು ಅವರ ಭಾಷೆಗೂ ಬಂದಿತೆಂದರೆ ತಪ್ಪಾಗದು.

ಆದರೆ ಅವರು ಕೇವಲ ಬೈದವರಲ್ಲ, ಮನುಷ್ಯನನ್ನು ಬಲ್ಲವರು. ಮಾನವನ ಚಿಂತೆಗಳು ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಏರುತ್ತವೆಂಬುದನ್ನು ಅವರ ಪ್ರಸಿದ್ಧ ವಚನವೊಂದು ತೋರಿಸುತ್ತದೆ. ಇಲ್ಲದವನಿಗೆ ಮೊದಲು ಅನ್ನದ ಯೋಚನೆ. ಅದು ದೊರೆತೊಡನೆ ಬಟ್ಟೆಯದು. ಹೀಗೆಯೇ ಸಂಸಾರ, ಮಕ್ಕಳು, ಬಾಳುವೆ ಎಂದು ಒಂದು ತೀರಿದಂತೆ ಇನ್ನೊಂದು ಹುಟ್ಟಿ ಕೊನೆಗೆ ಸಾವಿನ ಭಯದವರೆಗೆ ಬಂದು ನಿಲ್ಲುವುದು. ಇಷ್ಟರ ನಡುವೆ ಶಿವನ ಚಿಂತೆಗೆ ಬಿಡುವಿಲ್ಲದಾಗುವುದು. ಎಂಟು ಮಂದಿ ಒಂದೇ ಕೋಣೆಯಲ್ಲಿ ಮಲಗಿ ಸಂಬಳದ ಹಣವನ್ನು ಎಣಿಸಿ ಊರಿಗೆ ಕಳುಹಿಸುವ ಹೋಟೆಲು ಕೆಲಸಗಾರನಿಗೆ ಈ ವಚನಕ್ಕೆ ಟೀಕೆ ಬೇಕಿಲ್ಲ.

ಹೊಳೆ, ದೋಣಿ, ದಡ ಇವು ಅವರಿಗೆ ಸಹಜವಾದ ಉಪಮಾನಗಳು. ಹುಟ್ಟು ಸಾವುಗಳ ಪ್ರವಾಹವನ್ನು ದಾಟಿಸುವ ಅಂಬಿಗನಾಗಿ ಅವರು ತಮ್ಮನ್ನು ಕಂಡುಕೊಂಡರು. ಮುಂದೆ ಹದಿನಾರನೆಯ ಶತಮಾನದಲ್ಲಿ ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದು ಹಾಡಿದರು. ಕನ್ನಡಿಗರ ಭಕ್ತಿಗೆ ಅಂಬಿಗನು ಎಷ್ಟು ಹತ್ತಿರದವನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಹರಿಗೋಲಿನಲ್ಲಿ ಮೂವರ ಕಾಯಕ

ತುಂಗಭದ್ರೆಯಂಥ ಬಂಡೆಗಲ್ಲುಗಳ ಹೊಳೆಗೆ ತಕ್ಕ ದೋಣಿಯೆಂದರೆ ಹರಿಗೋಲು. ಸೀಳಿದ ಬಿದಿರಿನ ದಬ್ಬೆಗಳನ್ನು ದೊಡ್ಡ ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ಚರ್ಮವನ್ನು ಹೊದಿಸಿ ಹೊಲಿಯುತ್ತಿದ್ದರು. ಬಂಡೆಗೆ ತಗುಲಿದರೆ ಮರದ ದೋಣಿ ಒಡೆಯುವುದು, ಹರಿಗೋಲು ಬಾಗಿ ಜಾರಿಕೊಳ್ಳುವುದು. ಹೊಳೆ ಬತ್ತಿದಾಗ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮನೆಗೆ ಒಯ್ಯಬಹುದು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ತಾಡಪತ್ರಿ ಮತ್ತು ಡಾಂಬರು ಬಂದಿವೆ; ಹಲವೆಡೆ ಬಿದಿರಿನ ಬದಲು ಫೈಬರ್‌ಗ್ಲಾಸೂ ಬಂದಿದೆ.

ಹಳೆಯ ಹರಿಗೋಲನ್ನು ಕುರಿತು ಯೋಚಿಸಿದರೆ ಒಂದು ಅರ್ಥ ಹೊಳೆಯುತ್ತದೆ. ಬಿದಿರನ್ನು ಹೆಣೆಯಲು ಮೇದಾರ ಬೇಕು, ಚರ್ಮವನ್ನು ಹದಮಾಡಿ ಹೊಲಿಯಲು ಚರ್ಮದ ಕಾಯಕದವನು ಬೇಕು, ನಡೆಸಲು ಅಂಬಿಗ ಬೇಕು. ಕೇತಯ್ಯ, ಹರಳಯ್ಯ, ಚೌಡಯ್ಯ ಈ ಮೂವರ ಕಾಯಕವು ಕೂಡಿದ ಹೊರತು ದೊಡ್ಡವರೆನಿಸಿಕೊಂಡವರು ಯಾರೂ ಹೊಳೆಯನ್ನು ದಾಟಲಾರರು. ಹೊರಗೆ ನಿಲ್ಲಿಸಿದವರ ಕೈಗಳೇ ಎಲ್ಲರನ್ನೂ ದಾಟಿಸುತ್ತಿದ್ದವು. ಕಲ್ಯಾಣದಲ್ಲಿ ಶರಣರು ಆಡಿದುದನ್ನು ಹರಿಗೋಲು ಹೊಳೆಯಲ್ಲಿ ದಿನವೂ ಮಾಡಿ ತೋರಿಸುತ್ತಿದ್ದಿತು.

ಅದನ್ನು ನಡೆಸುವ ಬಗೆಯಾದರೂ ಸುಲಭವೇ? ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಅರಿಯದವನು ಹುಟ್ಟು ಹಾಕಿದರೆ ಅದು ನಿಂತಲ್ಲಿಯೇ ಬುಗುರಿಯಂತೆ ತಿರುಗುವುದು. ಬಲ್ಲವನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ನಿಂತು ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಸೆಳೆಯುವನು; ಆಗ ಹರಿಗೋಲು ಅತ್ತ ಸಾಗುವುದು. ಆಳ ಕಡಿಮೆಯಿದ್ದಲ್ಲಿ ಗಣೆ, ಆಳವಾದಲ್ಲಿ ಹುಟ್ಟು. ಜನರನ್ನು ಸುತ್ತಲೂ ತೂಕವರಿತು ಕೂಡಿಸಬೇಕು. ನೇರವಾಗಿ ಎದುರು ದಡಕ್ಕೆ ಗುರಿಯಿಡಬಾರದು; ಮೊದಲು ಪ್ರವಾಹದ ಮೇಲ್ಗಡೆಗೆ ಏರಿ, ಅಲ್ಲಿಂದ ಸೆಳವಿಗೆ ಒಪ್ಪಿಸಿ, ಓರೆಯಾಗಿ ದಾಟಬೇಕು. ನೀರಿನ ಬಣ್ಣ ಬದಲಾದರೆ ಮೇಲೆ ಎಲ್ಲಿಯೋ ಮಳೆಯಾಗಿದೆಯೆಂದು ತಿಳಿಯಬೇಕು. ಸುಳಿ ಎಲ್ಲಿ, ಅಡಗಿದ ಬಂಡೆ ಎಲ್ಲಿ ಎಂಬುದು ಮನಸ್ಸಿನಲ್ಲಿ ಅಚ್ಚಾಗಿರಬೇಕು. ಎಲ್ಲಕ್ಕಿಂತ ದೊಡ್ಡ ವಿದ್ಯೆಯೆಂದರೆ, ಇಂದು ದಾಟಿಸಲಾಗದು ಎಂದು ಹೇಳಬೇಕಾದ ದಿನ ಯಾವುದೆಂಬುದನ್ನು ಅರಿಯುವುದು.

ಹೊಳೆಯ ಮೇಲಿನ ಇತಿಹಾಸ

ಚೌಡಯ್ಯನವರ ತರುವಾಯವೂ ಈ ವಿದ್ಯೆ ಶತಮಾನಗಳವರೆಗೆ ನಾಡನ್ನು ನಡೆಸಿತು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಬುಟ್ಟಿಯಂಥ ಈ ದೋಣಿಗಳನ್ನು ಕಂಡು ಬರೆದಿಟ್ಟನು. ಹದಿನೈದು ಇಪ್ಪತ್ತು ಜನರನ್ನು ಅವು ಹೊರುತ್ತಿದ್ದವು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು. ಅವು ತಿರುಗುತ್ತಲೇ ಸಾಗುವುದನ್ನು ನೋಡಿ ಅವನಿಗೆ ಅಚ್ಚರಿಯಾಯಿತು. ಹಂಪೆಯ ವೈಭವದ ಹೆಬ್ಬಾಗಿಲನ್ನು ಮುಟ್ಟಲು ಎಷ್ಟೋ ಮಂದಿಗೆ ಅಂಬಿಗನ ಕೈಯೇ ಮೊದಲ ಮೆಟ್ಟಿಲಾಗಿದ್ದಿತು.

ಪುಣೆಯ ಇತಿಹಾಸಕ್ಕೂ ಹರಿಗೋಲಿಗೂ ನಂಟಿದೆ. ೧೮೦೩ರಲ್ಲಿ ಎರಡನೆಯ ಬಾಜಿರಾಯ ಪೇಶವೆಯನ್ನು ಮತ್ತೆ ಗಾದಿಯ ಮೇಲೆ ಕೂಡಿಸುವ ನೆಪದಿಂದ ಆಂಗ್ಲರ ದಂಡು ಹರಿಹರದಿಂದ ಪುಣೆಗೆ ನಡೆದು ಬಂದಿತು. ಅದರ ನಾಯಕನು ಆರ್ಥರ್ ವೆಲ್ಲೆಸ್ಲಿ; ಮುಂದೆ ವೆಲಿಂಗ್ಟನ್ನಿನ ಡ್ಯೂಕನೆಂದು ಖ್ಯಾತನಾದವನು. ಮಾರ್ಚಿಯಲ್ಲಿ ಅವನು ತುಂಗಭದ್ರೆಯನ್ನು ದಾಟಿದುದು ಇಂದಿನ ಹಾವೇರಿ ಜಿಲ್ಲೆಯ ಹಾವನೂರಿನಲ್ಲಿ, ಚೌಡಯ್ಯನವರ ತೀರದ ಸೀಮೆಯಲ್ಲಿಯೇ. ಎಪ್ರಿಲ್ ೨೦ರಂದು ಅವನು ಪುಣೆಯನ್ನು ಮುಟ್ಟಿದನು. ಮಳೆಗಾಲ ಬಂದರೆ ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳು ತುಂಬಿ ಸರಕಿನ ದಾರಿ ಕಡಿದುಹೋಗುವುದೆಂದು ಅರಿತು ಆ ಹೊಳೆಗಳಲ್ಲಿ ಹರಿಗೋಲುಗಳನ್ನು ಸಿದ್ಧಪಡಿಸಲು ಅವನು ಆಜ್ಞೆ ಮಾಡಿದನು. ಫಿರಂಗಿಗಳ ದಂಡು ಕೂಡ ಬಿದಿರಿನ ಬುಟ್ಟಿಯನ್ನು ನೆಚ್ಚಬೇಕಾಯಿತು. ದಂಡನಾಯಕನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ದಾಟಿಸಿದ ಅಂಬಿಗರಲ್ಲಿ ಒಬ್ಬನ ಹೆಸರೂ ಉಳಿಯಲಿಲ್ಲ.

ಅದೇ ತುಂಗಭದ್ರೆಯ ನೀರಿನ ಮೇಲೆ ಕಾಲುವೆಯ ದೋಣಿಗಳೂ ಕೆಲವು ಕಾಲ ಓಡಿದವು. ಕರ್ನೂಲಿನ ಬಳಿಯ ಸುಂಕೇಶುಲದಿಂದ ಕಡಪದ ಕಡೆಗೆ ೧೮೬೩ರಿಂದ ೧೮೭೦ರ ಅವಧಿಯಲ್ಲಿ ಖಾಸಗಿ ಕಂಪನಿಯೊಂದು ದೊಡ್ಡ ಕಾಲುವೆಯನ್ನು ತೋಡಿಸಿತು. ಹೊಲಕ್ಕೆ ನೀರು, ಸರಕಿಗೆ ದೋಣಿ ಎಂಬುದು ಅದರ ಉದ್ದೇಶ. ಕಂಪನಿಗೆ ನಿರೀಕ್ಷಿಸಿದ ಲಾಭ ಬರಲಿಲ್ಲ; ೧೮೮೨ರಲ್ಲಿ ಸರಕಾರವು ಅದನ್ನು ಕೊಂಡುಕೊಂಡಿತು. ಉಗಿಬಂಡಿಯ ಎದುರಿಗೆ ಕಾಲುವೆಯ ದೋಣಿ ನಿಲ್ಲಲಾರದೆ ಹೋಯಿತು. ಕಾಲುವೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ, ದೋಣಿಗಳು ಇಲ್ಲ.

ತರುವಾಯ ರಸ್ತೆಗಳು ಬಂದವು, ಸೇತುವೆಗಳು ಬಂದವು. ೧೯೫೩ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾಯಿತು. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆಯು ೨೦೦೯ರ ಜನವರಿಯಲ್ಲಿ ಕುಸಿದು ಬಿದ್ದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಹಂಪೆಯಲ್ಲಿಯೂ, ಕಾವೇರಿಯ ಹೊಗೆನಕಲ್ಲಿನಲ್ಲಿಯೂ ಹರಿಗೋಲು ಈಗ ಬಹುಮಟ್ಟಿಗೆ ಪ್ರವಾಸಿಗಳ ವಿನೋದಕ್ಕೆ ತಿರುಗುತ್ತಿದೆ. ವಿನೋದದಿಂದಲಾದರೂ ಅನ್ನ ಹುಟ್ಟುವುದಾದರೆ ಅದನ್ನು ಹಳಿಯಬೇಕಾಗಿಲ್ಲ. ಆದರೆ ಪ್ರವಾಸಿಗಳಿಲ್ಲದ ನೂರಾರು ಕಡವುಗಳಲ್ಲಿ ಹರಿಗೋಲು ಮಗುಚಿ ಒಣಗುತ್ತ ಬಿದ್ದಿದೆ.

ಓಲೆಗರಿ ಉಳಿಸಿದುದು, ಉಳಿಸಲಾರದುದು

ಚೌಡಯ್ಯನವರ ವಚನಗಳು ಹೇಗೆ ಉಳಿದವು? ೧೧೬೭ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾಗಿ, ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಓಲೆಗರಿಯ ಕಟ್ಟುಗಳು ಮಠಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಶತಮಾನಗಳವರೆಗೆ ಪ್ರತಿಯಾಗುತ್ತ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಮ್ಮ ಸರ್ವಸ್ವವನ್ನೂ ಈ ಕೆಲಸಕ್ಕೆ ತೆತ್ತರು. ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿದರು, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಕ್ಕಾಗಿ ಮನೆಯನ್ನೇ ಮಾರಿದರು. ೧೯೬೪ರಲ್ಲಿ ಅವರು ತೀರಿಕೊಂಡರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು.

ಮಾತನ್ನು ಓಲೆಯ ಮೇಲೆ ಬರೆಯಬಹುದು. ಕೈಯ ಹದವನ್ನು ಬರೆಯಲಾಗದು. ಹೋಟೆಲಿನ ಒಲೆಯ ಮುಂದೆ ಹಲವು ವರ್ಷ ನಿಂತ ಅನುಭವದಿಂದ ಇದನ್ನು ಹೇಳುತ್ತೇವೆ. ದೋಸೆಗೆ ಇಷ್ಟು ಅಕ್ಕಿ ಇಷ್ಟು ಉದ್ದು ಎಂದು ಪುಸ್ತಕ ಹೇಳೀತು. ಈ ಚಳಿಯಲ್ಲಿ ಹಿಟ್ಟು ಎಷ್ಟು ಹೊತ್ತಿಗೆ ಹುದುಗುವುದು, ಕಾವಲಿಗೆ ನೀರು ಚಿಮುಕಿಸಿದಾಗ ಎದ್ದ ಸದ್ದು ಏನನ್ನು ಹೇಳುವುದು ಎಂಬುದನ್ನು ಹಿರಿಯ ಭಟ್ಟರ ಪಕ್ಕದಲ್ಲಿ ನಿಂತವನೇ ಕಲಿಯಬೇಕು. ಅಂಬಿಗನ ವಿದ್ಯೆಯೂ ಅಂಥದೇ. ಹಳಕಟ್ಟಿಯವರಂಥ ಮಹನೀಯರು ಓಲೆಗರಿಯನ್ನು ಎಂಟುನೂರು ವರ್ಷಗಳ ತರುವಾಯವೂ ಹುಡುಕಿ ತೆಗೆದರು. ಒಂದು ತಲೆಮಾರು ಕಲಿಯದೆ ಬಿಟ್ಟ ಕೈಗೆಲಸವನ್ನು ಯಾವ ಅಟ್ಟದಿಂದ ಹುಡುಕಿ ತೆಗೆಯಲಾದೀತು?

ಕುಲಕಸುಬಲ್ಲ, ಕಾಯಕ

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಅಂಬಿಗರ ಮಕ್ಕಳು ಓದಿ ನೌಕರಿಗೆ ಹೋಗಬಾರದೇ? ಅವರು ಎಂದೆಂದಿಗೂ ಹುಟ್ಟು ಹಿಡಿದೇ ಇರಬೇಕೇ? ಈ ಆಕ್ಷೇಪಣೆಯು ಸರಿಯಾದುದೇ. ಹೊಳೆಯ ಬದುಕು ಸುಖದ್ದಲ್ಲ. ಮಳೆಗಾಲದಲ್ಲಿ ಪ್ರಾಣಭಯ, ಬೇಸಗೆಯಲ್ಲಿ ಹಸಿವು, ವರ್ಷವಿಡೀ ಊರವರ ತಾತ್ಸಾರ. ಸೇತುವೆಯು ಬಂದುದರಿಂದ ಬಸುರಿ ಹೆಂಗಸು ಅಪರಾತ್ರಿಯಲ್ಲಿ ಆಸ್ಪತ್ರೆಯನ್ನು ಮುಟ್ಟುವಳು. ಅದು ಬೇಡವೆನ್ನುವವನು ಮನುಷ್ಯನಲ್ಲ.

ಆದರೆ ಚೌಡಯ್ಯನವರು ಎತ್ತಿಹಿಡಿದುದು ಕುಲಕಸುಬನ್ನಲ್ಲ, ಕಾಯಕವನ್ನು. ಹುಟ್ಟಿನಿಂದ ಹೊರಿಸಿದುದು ಕುಲಕಸುಬು. ಮನಸ್ಸಿನಿಂದ ಒಪ್ಪಿ ಗೌರವದಿಂದ ಮಾಡುವುದು ಕಾಯಕ. ಹುಟ್ಟಿನ ಮೇಲುಕೀಳನ್ನು ಅಷ್ಟು ನಿಷ್ಠುರವಾಗಿ ಖಂಡಿಸಿದವರ ಹೆಸರಿನಲ್ಲಿ ಯಾರನ್ನಾದರೂ ಹುಟ್ಟಿಗೆ ಕಟ್ಟಿಹಾಕುವುದು ಅವರಿಗೆ ಮಾಡುವ ಅಪಚಾರ. ಹೊಳೆಯ ವಿದ್ಯೆಯು ಉಳಿಯಬೇಕಾದರೆ ಅದು ಒಂದು ಜಾತಿಯ ಹೊರೆಯಾಗಿ ಉಳಿಯಲಾರದು. ಕಲಿಯಬಯಸುವ ಎಲ್ಲರಿಗೂ ತೆರೆದ ವಿದ್ಯೆಯಾಗಿ, ಕಲಿಸುವ ಹಿರಿಯರಿಗೆ ಗೌರವವನ್ನೂ ಸಂಭಾವನೆಯನ್ನೂ ತರುವ ವಿದ್ಯೆಯಾಗಿ ಮಾತ್ರ ಉಳಿಯಬಲ್ಲುದು.

ಹೀಗೆ ಆಗುವುದು ಸಾಧ್ಯವೆಂಬುದಕ್ಕೆ ನಿದರ್ಶನಗಳುಂಟು. ಇಂಗ್ಲೆಂಡಿನ ಕಾಲುವೆಗಳಲ್ಲಿ ಕಿರಿದಾದ ದೋಣಿಗಳಲ್ಲಿಯೇ ಸಂಸಾರ ಹೂಡಿ ಸರಕು ಸಾಗಿಸುತ್ತಿದ್ದ ಕುಟುಂಬಗಳು ರೈಲು ಮತ್ತು ಲಾರಿಗಳಿಂದಾಗಿ ಚದುರತೊಡಗಿದವು. ೧೯೪೪ರಲ್ಲಿ ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕನು ಆ ಬಾಳುವೆಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಅದರಿಂದ ಎಚ್ಚತ್ತವರು ೧೯೪೬ರಲ್ಲಿ ಸಂಘವೊಂದನ್ನು ಕಟ್ಟಿದರು. ಹೂಳು ತುಂಬಿದ ಎಷ್ಟೋ ಕಾಲುವೆಗಳು ಸ್ವಯಂಸೇವಕರ ಶ್ರಮದಿಂದ ಮತ್ತೆ ತೆರೆದವು. ದೋಣಿಯ ಮೈಮೇಲೆ ಗುಲಾಬಿ ಹೂವನ್ನೂ ಕೋಟೆಯನ್ನೂ ಬರೆಯುವ ಅಲ್ಲಿಯ ಹಳೆಯ ಕಲೆಯನ್ನು ದೋಣಿಯವರಲ್ಲದವರೂ ಕಲಿತು ಉಳಿಸಿದರು. ವೇಲ್ಸ್ ನಾಡಿನಲ್ಲಿ ನಮ್ಮ ಹರಿಗೋಲಿನ ತಮ್ಮನಂಥ ಪುಟ್ಟ ದೋಣಿಯಿದೆ. ಅದನ್ನು ಹೆಣೆಯುವುದನ್ನೂ ನಡೆಸುವುದನ್ನೂ ಉಳಿಸುವುದಕ್ಕಾಗಿ ೧೯೯೦ರಲ್ಲಿ ಒಂದು ಸಂಘವೇ ಹುಟ್ಟಿತು.

ಅಷ್ಟು ದೂರ ಹೋಗುವುದೂ ಬೇಡ. ಸರ್ ಎಂ. ವಿಶ್ವೇಶ್ವರಯ್ಯನವರು ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಪುಣೆಯ ಆ ಪುರಾತನ ಕಾಲೇಜ್, ಇಂದು ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ, ನಮ್ಮ ನದಿಯ ದಂಡೆಯಲ್ಲಿ ೧೯೨೮ರಿಂದ ಬೋಟ್ ಕ್ಲಬ್ಬನ್ನು ಹೊಂದಿದೆ. ಅಲ್ಲಿಯ ವಿದ್ಯಾರ್ಥಿಗಳು ರಿಗಾಟಾ ಎಂಬ ಜಲೋತ್ಸವವನ್ನು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅವರಲ್ಲಿ ಯಾರ ತಂದೆಯೂ ಅಂಬಿಗನಾಗಿರಬೇಕೆಂಬ ನಿಯಮವಿಲ್ಲ. ಹಿರಿಯ ತರಗತಿಯವನು ಕಿರಿಯನಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಾನೆ. ಕಲಿತವನು ಮುಂದಿನವನಿಗೆ ದಾಟಿಸುತ್ತಾನೆ. ಈ ಕ್ರಮವೇ ತುಂಗಭದ್ರೆಯ ದಡದಲ್ಲಿ ಹರಿಗೋಲಿಗೂ ಬರಬೇಕು.

ನಾವು ಮಾಡಬಹುದಾದುದು

ಹೋಟೆಲಿನಲ್ಲಿ ದುಡಿಯುವವರು, ಗುಮಾಸ್ತರು, ಇಷ್ಟು ದೂರದಲ್ಲಿದ್ದುಕೊಂಡು ಏನು ಮಾಡಬಲ್ಲೆವು ಎಂದು ಕೇಳಬಹುದು. ನಮ್ಮ ವಾಚಕರಲ್ಲಿ ಕುಂದಾಪುರ ಗಂಗೊಳ್ಳಿಗಳ ಕಡೆಯಿಂದ ಬಂದು ದೋಣಿಯನ್ನು ನೋಡುತ್ತಲೇ ಬೆಳೆದವರಿದ್ದಾರೆ. ಹಾವೇರಿ, ಕೊಪ್ಪಳ, ರಾಯಚೂರುಗಳ ಹೊಳೆಸಾಲಿನವರಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಕಡವಿನ ಹಿರಿಯರನ್ನು ಕಾಣಿರಿ. ಹರಿಗೋಲಿನ ಒಂದೊಂದು ಭಾಗಕ್ಕೂ, ಒಂದೊಂದು ಗಂಟಿಗೂ, ಒಂದೊಂದು ಬಗೆಯ ಸುಳಿಗೂ ಅವರ ಬಾಯಲ್ಲಿ ಹೆಸರಿದೆ. ನಿಘಂಟಿಗೆ ಸೇರದ ಆ ಮಾತುಗಳನ್ನು ಬರೆದುಕೊಳ್ಳಿರಿ. ಲೆಕ್ಕ ಬರೆಯುವ ಗುಮಾಸ್ತನ ಕೈಗೆ ಇದು ಭಾರವಲ್ಲ. ಕೈಯಲ್ಲಿರುವ ಮೊಬೈಲಿನಿಂದ ಅವರ ಕೈಚಳಕದ ಚಿತ್ರವನ್ನು ತೆಗೆದಿಡಿರಿ. ಸಾಧ್ಯವಾದರೆ ಒಂದು ದಿನವಾದರೂ ಅವರ ಪಕ್ಕದಲ್ಲಿ ನಿಂತು ಹುಟ್ಟು ಹಿಡಿಯಿರಿ. ಊರಿನ ಜಯಂತಿ ಸಮಿತಿಯಲ್ಲಿ ನಿಮ್ಮ ಮಾತು ನಡೆಯುವುದಾದರೆ, ಮೆರವಣಿಗೆಯ ಜೊತೆಗೆ ಹರಿಗೋಲಿನ ಪಂದ್ಯವನ್ನೂ, ಅದನ್ನು ಹೆಣೆಯುವ ಹಿರಿಯರಿಗೆ ಒಂದು ಸನ್ಮಾನವನ್ನೂ, ಊರಿನ ಎಲ್ಲ ಮಕ್ಕಳಿಗೂ ಒಂದು ದಿನದ ಕಲಿಕೆಯನ್ನೂ ಇಡಿಸಿರಿ.

ತಮ್ಮ ಕಾಯಕವನ್ನು ಹೆಸರಿನಿಂದ ಬೇರ್ಪಡಿಸದ ಮಹಾನುಭಾವರು ಚೌಡಯ್ಯನವರು. ಹೆಸರನ್ನು ಮಾತ್ರ ಇಟ್ಟುಕೊಂಡು ಕಾಯಕವನ್ನು ಕೈಬಿಟ್ಟರೆ ನಾವು ಅರ್ಧ ಚೌಡಯ್ಯನವರನ್ನು ಮಾತ್ರ ಉಳಿಸಿಕೊಂಡಂತಾಗುವುದು. ಮುಂದಿನ ಜನವರಿ ೨೧ಕ್ಕೆ ಹೂಮಾಲೆಯೊಂದಿಗೆ ಒಂದು ಹುಟ್ಟೂ ಯುವಕರ ಕೈಗೆ ಬರಲಿ. ಅದು ಯಾವ ಮನೆತನದ ಕೈಯೆಂದು ಯಾರೂ ಕೇಳದಿರಲಿ.